ದೋಣಿ ಹುಟ್ಟು ಹಾಕಿಕೊಂಡು ಬರುತ್ತಿದ್ದ ಆಟಗಾರ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೆಡ್‌ಮಾಸ್ಟರು ಫೋನ್ ಮಾಡಿ, "ಐರ್ಲೆಂಡಿನಲ್ಲಿ ಇಷ್ಟು ವರ್ಷ ಇದ್ದೀರಿ, ಅಲ್ಲಿನ ಅನುಭವ ಹೇಳಿ" ಅಂದರು. ನರ್ಸ್ ಕೆಲಸದ ಅನುಭವ ಎಲ್ಲಿ ಹೋದರೂ ಒಂದೇ. ರಾತ್ರಿ ಪಾಳಿ, ಕಾಲು ನೋವು, ಬೆಳಿಗ್ಗೆ ಬಸ್ಸು. ಅದನ್ನು ಇಲ್ಲಿ ಹೇಳಿ ಯಾರಿಗೆ ಏನು ಉಪಯೋಗ? ಅದರ ಬದಲು ಆ ಸೀಮೆಯ ಒಬ್ಬ ಆಟಗಾರರ ವಿಷಯ ಹೇಳುತ್ತೇನೆ. ಅವರ ಹೆಸರು ಮಿಕ್ ಓಕಾನೆಲ್. ಇಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ನಾನಿರುವ ಕೆರಿ ಎಂಬ ಕೌಂಟಿಯಲ್ಲಿ, ಅಂದರೆ ನಮ್ಮ ಲೆಕ್ಕದಲ್ಲಿ ಜಿಲ್ಲೆಯಲ್ಲಿ, ಆ ಹೆಸರು ಕೇಳದ ಮನುಷ್ಯ ಸಿಗುವುದು ಕಷ್ಟ. ನನ್ನ ವಾರ್ಡಿನಲ್ಲಿ ಎಪ್ಪತ್ತು ದಾಟಿದವರೇ ಹೆಚ್ಚು. ಮಾತ್ರೆ ಕೊಡುವಾಗ ಮಾತು ಮಳೆಯಿಂದ ಶುರುವಾಗುತ್ತದೆ, ಫುಟ್‌ಬಾಲಿಗೆ ಹೊರಳುತ್ತದೆ, ಕೊನೆಗೆ "ನೀನು ಓಕಾನೆಲ್ ಆಟ ನೋಡಬೇಕಿತ್ತು ಕಣಮ್ಮಾ" ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಹೀಗೆ ಕೇಳಿ ಕೇಳಿಯೇ ನಾನು ಅವರ ಬಗ್ಗೆ ಓದಲು ಶುರು ಮಾಡಿದ್ದು.

ಮೊದಲು ಆಟ ಯಾವುದು ಅಂತ ಹೇಳಬೇಕು. ಫುಟ್‌ಬಾಲ್ ಅಂದ ಕೂಡಲೇ ನೀವು ಟಿವಿಯಲ್ಲಿ ಬರುವ ವಿಶ್ವಕಪ್ ನೆನೆಸಿಕೊಳ್ಳುತ್ತೀರಿ. ಇದು ಅದಲ್ಲ. ಗೇಲಿಕ್ ಫುಟ್‌ಬಾಲ್ ಅಂತ, ಐರಿಷ್ ಜನರ ಸ್ವಂತ ಆಟ. ಒಂದು ಕಡೆಗೆ ಹದಿನೈದು ಜನ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಕಾಲಿನಲ್ಲಿ ಒದೆಯಬಹುದು, ಮುಷ್ಟಿಯಿಂದ ಗುದ್ದಿ ಜೊತೆಯವರಿಗೆ ಕೊಡಬಹುದು. ಆದರೆ ಹಿಡಿದುಕೊಂಡು ಓಡಿಹೋಗುವ ಹಾಗಿಲ್ಲ. ನಾಲ್ಕು ಹೆಜ್ಜೆಗೊಮ್ಮೆ ಚೆಂಡನ್ನು ನೆಲಕ್ಕೆ ಪುಟಿಸಬೇಕು, ಇಲ್ಲವೇ ಪಾದದ ತುದಿಯಿಂದ ಚಿಮ್ಮಿಸಿ ಮತ್ತೆ ಕೈಗೆ ತೆಗೆದುಕೊಳ್ಳಬೇಕು. ಗೋಲು ಕಂಬಗಳು ಇಂಗ್ಲಿಷಿನ 'ಎಚ್' ಅಕ್ಷರದಂತೆ ನಿಂತಿರುತ್ತವೆ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಹೊಡೆದರೆ ಗೋಲು, ಅದಕ್ಕೆ ಮೂರು ಅಂಕ. ಮೇಲಿಂದ ಹಾರಿಸಿದರೆ ಸಾಮಾನ್ಯವಾಗಿ ಒಂದು ಅಂಕ. ಅದಕ್ಕೇ ಅವರು ಸ್ಕೋರನ್ನು 3-7 ಅಂತ ಬರೆಯುತ್ತಾರೆ: ಮೂರು ಗೋಲು, ಏಳು ಪಾಯಿಂಟು, ಒಟ್ಟು ಹದಿನಾರು. ನನಗೆ ಇದು ತಲೆಗೆ ಹತ್ತಲು ಎರಡು ವರ್ಷ ಬೇಕಾಯಿತು. ಮಕ್ಕಳಿಗೆ ಈಗಲೇ ಹತ್ತಿರುತ್ತದೆ.

ಈ ಆಟಕ್ಕೆ ಒಂದು ಕಟ್ಟು ಕೊಟ್ಟಿದ್ದು 1884ರಲ್ಲಿ. ಥರ್ಲಸ್ ಎಂಬ ಪಟ್ಟಣದ ಒಂದು ಹೋಟೆಲಿನಲ್ಲಿ ಮೈಕಲ್ ಕ್ಯೂಸಾಕ್ ಎಂಬ ಮೇಷ್ಟ್ರು ಮತ್ತು ಕೆಲವರು ಕೂತು ಗೇಲಿಕ್ ಅಥ್ಲೆಟಿಕ್ ಸಂಘ ಸ್ಥಾಪಿಸಿದರು. ಆಗ ಐರ್ಲೆಂಡ್ ಬ್ರಿಟಿಷರ ಕೈಯಲ್ಲಿತ್ತು. ತಮ್ಮ ಭಾಷೆಯಂತೆ ತಮ್ಮ ಆಟವೂ ಹೋಗಿಬಿಡುತ್ತದೆ ಅನ್ನುವ ಭಯ ಅವರಿಗೆ. 1920ರ ನವೆಂಬರ್ 21ರಂದು ಡಬ್ಲಿನ್‌ನ ಕ್ರೋಕ್ ಪಾರ್ಕ್ ಮೈದಾನದಲ್ಲಿ ಪಂದ್ಯ ನಡೆಯುತ್ತಿದ್ದಾಗ ಬ್ರಿಟಿಷ್ ಪಡೆಗಳು ಒಳಗೆ ನುಗ್ಗಿ ಗುಂಡು ಹಾರಿಸಿದವು. ಹದಿನಾಲ್ಕು ಜನ ಸತ್ತರು. ಅದರಲ್ಲಿ ಮೈಕಲ್ ಹೋಗನ್ ಎಂಬ ಆಟಗಾರನೂ ಒಬ್ಬ. ಜಲಿಯನ್‌ವಾಲಾ ಬಾಗ್ ನಡೆದು ಒಂದೂವರೆ ವರ್ಷ ಆಗಿತ್ತು ಅಷ್ಟೇ. ಮೈದಾನದ ಒಂದು ಬದಿಯ ಗ್ಯಾಲರಿಗೆ ಇವತ್ತಿಗೂ ಹೋಗನ್ ಹೆಸರು. ಗೆದ್ದ ತಂಡದ ನಾಯಕ ಕಪ್ ತೆಗೆದುಕೊಳ್ಳುವುದು ಅಲ್ಲೇ. ಇನ್ನೊಂದು ಮಾತು ಕೇಳಿದರೆ ನಿಮಗೆ ನಗು ಬರಬಹುದು. ಈ ಸಂಘದ ಸದಸ್ಯರು ಸಾಕರ್, ರಗ್ಬಿ, ಕ್ರಿಕೆಟ್ ಆಡುವ ಹಾಗಿರಲಿಲ್ಲ, ಬೇಲಿ ಆಚೆ ನಿಂತು ನೋಡುವ ಹಾಗೂ ಇರಲಿಲ್ಲ! ಆ ನಿಷೇಧ 1971ರವರೆಗೆ ಇತ್ತು. ನಮ್ಮ ಹುಡುಗರಾಗಿದ್ದರೆ ಅರ್ಧ ಊರನ್ನೇ ಸಂಘದಿಂದ ತೆಗೆಯಬೇಕಾಗುತ್ತಿತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಈ ಆಟದಲ್ಲಿ ದುಡ್ಡಿಲ್ಲ. ಆಗಲೂ ಇರಲಿಲ್ಲ, ಈಗಲೂ ಇಲ್ಲ. ಕ್ರೋಕ್ ಪಾರ್ಕಿನಲ್ಲಿ ಎಂಬತ್ತು ಸಾವಿರ ಜನರ ಮುಂದೆ ಫೈನಲ್ ಆಡಿದವರು ಮಾರನೆಯ ದಿನವೋ ಅದರ ಮಾರನೆಯ ದಿನವೋ ಶಾಲೆಯಲ್ಲಿ ಪಾಠ ಮಾಡುತ್ತಿರುತ್ತಾರೆ, ಹಾಲು ಕರೆಯುತ್ತಿರುತ್ತಾರೆ, ಬ್ಯಾಂಕಿನಲ್ಲಿ ಕೂತಿರುತ್ತಾರೆ. ಪ್ರಯಾಣದ ಖರ್ಚು ಕೊಡುತ್ತಾರೆ, ಸಂಬಳ ಅಂತ ಇಲ್ಲ. ಹರಾಜು ಅಂತೂ ಇಲ್ಲವೇ ಇಲ್ಲ. ನಿಮ್ಮ ಊರಿನ ಚರ್ಚಿನ ಸುತ್ತಲಿನ ಜನ ಸೇರಿ ಒಂದು ಕ್ಲಬ್. ಕ್ಲಬ್ಬಿನಲ್ಲಿ ಚೆನ್ನಾಗಿ ಆಡಿದರೆ ಕೌಂಟಿ ತಂಡ. ಅದಕ್ಕಿಂತ ದೊಡ್ಡದು ಇಲ್ಲ. ಹೆಚ್ಚು ದುಡ್ಡು ಕೊಡುತ್ತೇನೆ ಬಾ ಅಂತ ಪಕ್ಕದ ಜಿಲ್ಲೆಯವರು ಕರೆದೊಯ್ಯುವ ದಾರಿಯೇ ಇಲ್ಲ.

ಇನ್ನು ಓಕಾನೆಲ್ ಅವರ ವಿಷಯ. ಕೆರಿ ಕೌಂಟಿ ಐರ್ಲೆಂಡಿನ ನೈಋತ್ಯ ಮೂಲೆ. ಅದರ ತುದಿಯಲ್ಲಿ ಅಟ್ಲಾಂಟಿಕ್ ಸಮುದ್ರಕ್ಕೆ ಮುಖ ಮಾಡಿಕೊಂಡು ವ್ಯಾಲೆನ್ಷಿಯಾ ಎಂಬ ಸಣ್ಣ ದ್ವೀಪ ಇದೆ. 1937ರ ಜನವರಿಯಲ್ಲಿ ಓಕಾನೆಲ್ ಹುಟ್ಟಿದ್ದು ಅಲ್ಲಿ. ದ್ವೀಪ ಅಂದರೆ ಏನು ಕಷ್ಟ ಅಂತ ಸಾಗರ ತಾಲ್ಲೂಕಿನವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದವರೇ ನಾವೆಲ್ಲ. ಹಿನ್ನೀರಿಗೆ ಕಟ್ಟಿದ ಸೇತುವೆಯ ಕಂಬಗಳನ್ನು ಮೊನ್ನೆ ನೋಡಿಕೊಂಡು ಬಂದೆ. ವ್ಯಾಲೆನ್ಷಿಯಾದಲ್ಲೂ ಆಗ ಸೇತುವೆ ಇರಲಿಲ್ಲ. ಸುಮಾರು ಒಂದು ಕಿಲೋಮೀಟರ್ ಸಮುದ್ರ ದಾಟಬೇಕು. ಅಷ್ಟೇ ದೂರ, ಆದರೆ ಚಳಿಗಾಲದಲ್ಲಿ ಗಾಳಿ ಎದ್ದರೆ ಅಷ್ಟೂ ದೂರವೇ.

ಆ ದ್ವೀಪಕ್ಕೆ ಒಂದು ವಿಶೇಷ ಇತ್ತು. ಅಮೆರಿಕಾ ಮತ್ತು ಯೂರೋಪಿನ ನಡುವೆ ಸಮುದ್ರದ ತಳದಲ್ಲಿ ಟೆಲಿಗ್ರಾಫ್ ತಂತಿ ಹಾಸಿದರಲ್ಲ, ಅದರ ಈ ಕಡೆಯ ತುದಿ ವ್ಯಾಲೆನ್ಷಿಯಾ. 1858ರಲ್ಲಿ ಹಾಸಿದ ಮೊದಲ ತಂತಿ ಕೆಲವೇ ವಾರಗಳಲ್ಲಿ ಕೆಟ್ಟುಹೋಯಿತು. 1866ರಲ್ಲಿ 'ಗ್ರೇಟ್ ಈಸ್ಟರ್ನ್' ಎಂಬ ದೊಡ್ಡ ಹಡಗು ಹಾಸಿದ ತಂತಿ ಉಳಿಯಿತು. ಅಲ್ಲಿಂದ ನೂರು ವರ್ಷ ಎರಡು ಖಂಡಗಳ ಸುದ್ದಿ, ಸಾವು, ಬೆಲೆ, ಯುದ್ಧ ಎಲ್ಲವೂ ಈ ಸಣ್ಣ ಊರಿನ ಮೇಜುಗಳ ಮೇಲೆ ಹಾದು ಹೋಯಿತು. ಓಕಾನೆಲ್ ಅವರಿಗೆ ಆ ತಂತಿ ಕಚೇರಿಯಲ್ಲಿ ಕೆಲಸ ಸಿಕ್ಕಿತು.

ಕೆಲಸ ಸಿಕ್ಕಿತು ಅನ್ನುವ ಮಾತನ್ನು ಸುಮ್ಮನೆ ದಾಟಿ ಹೋಗಬೇಡಿ. ಅದು ಐರ್ಲೆಂಡಿನ ಬಹಳ ಕೆಟ್ಟ ಕಾಲ. 1950ರ ದಶಕ ಒಂದರಲ್ಲೇ ಸುಮಾರು ನಾಲ್ಕು ಲಕ್ಷ ಜನ ದೇಶ ಬಿಟ್ಟರು, ಹೆಚ್ಚಿನವರು ಇಂಗ್ಲೆಂಡಿಗೆ. 1961ರ ಜನಗಣತಿಯಲ್ಲಿ ಆ ದೇಶದ ಜನಸಂಖ್ಯೆ 28 ಲಕ್ಷಕ್ಕೆ ಇಳಿದಿತ್ತು. ಕೆರಿಯ ಸಮುದ್ರದಂಚಿನ ಹಳ್ಳಿಗಳಲ್ಲಿ ಶಾಲೆ ಮುಗಿಯುವುದು, ಪೆಟ್ಟಿಗೆ ಕಟ್ಟುವುದು ಎರಡೂ ಒಂದೇ ದಿನ. ಅಂಥ ಕಾಲದಲ್ಲಿ ಹುಟ್ಟಿದ ಊರಿನಲ್ಲೇ ಕೆಲಸ ಇದ್ದದ್ದರಿಂದ ಓಕಾನೆಲ್ ಉಳಿದರು. ಉಳಿದದ್ದರಿಂದ ಕೆರಿಗೆ ಆಡಿದರು. ಅವರಷ್ಟೇ ಚೆನ್ನಾಗಿ ಆಡಬಲ್ಲ ಎಷ್ಟು ಹುಡುಗರು ಲಂಡನ್ನಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತರೋ ಯಾರಿಗೆ ಗೊತ್ತು.

1956ರಲ್ಲಿ ಅವರು ಕೆರಿಯ ಹಿರಿಯರ ತಂಡಕ್ಕೆ ಬಂದರು. ತರಬೇತಿ ನಡೆಯುತ್ತಿದ್ದದ್ದು ಕಿಲಾರ್ನಿ ಪಟ್ಟಣದಲ್ಲಿ. ಹಗಲು ಕಚೇರಿ ಕೆಲಸ ಮುಗಿಸಿ, ಬೂಟಿನ ಚೀಲ ದೋಣಿಗೆ ಹಾಕಿ, ತಾನೇ ಹುಟ್ಟು ಹಾಕಿಕೊಂಡು ರೆನಾರ್ಡ್ ಎಂಬ ಕಡವಿಗೆ ಬರಬೇಕು. ಅಲ್ಲಿಂದ ಅರವತ್ತು ಕಿಲೋಮೀಟರಿಗೂ ಹೆಚ್ಚು ರಸ್ತೆ ಪ್ರಯಾಣ. ಆಟ ಮುಗಿಸಿ ಅದೇ ದಾರಿಯಲ್ಲಿ ವಾಪಸ್ಸು. ಕತ್ತಲಲ್ಲಿ ಮತ್ತೆ ದೋಣಿ. ನಮ್ಮ ಮಕ್ಕಳು ಎರಡು ಮೈಲಿ ಸೈಕಲ್ ತುಳಿದು ಬಂದು ಕಬಡ್ಡಿ ಆಡಿದರೆ ನಾವು ಶಹಭಾಸ್ ಅನ್ನುತ್ತೇವೆ, ಅನ್ನಲೂಬೇಕು. ಇವರು ವರ್ಷಗಟ್ಟಲೆ ಹೀಗೆ ಹೋಗಿ ಬಂದರು.

ತಂಡದ ಜೊತೆ ಅಭ್ಯಾಸ ಇಲ್ಲದ ದಿನ ದ್ವೀಪದ ಮೈದಾನದಲ್ಲಿ ಒಬ್ಬರೇ. ಚೆಂಡು ಒದೆಯುವುದು, ಹೋಗಿ ತರುವುದು, ಮತ್ತೆ ಒದೆಯುವುದು. ಎಡಗಾಲು, ಬಲಗಾಲು ಎರಡರಲ್ಲೂ ಒಂದೇ ಗುರಿ ಬರುವ ತನಕ. ಅವರ ಆಟದಲ್ಲಿ ಜನ ಮುಖ್ಯವಾಗಿ ನೆನಪಿಡುವುದು ಎರಡು. ಒಂದು ಈ ಉದ್ದನೆಯ ಒದೆತ. ಇನ್ನೊಂದು ನೆಗೆದು ಚೆಂಡು ಹಿಡಿಯುವುದು. ಗೋಲ್‌ಕೀಪರ್ ಒದ್ದ ಚೆಂಡು ಮೈದಾನದ ನಡುವೆ ಆಕಾಶದಿಂದ ಇಳಿಯುವಾಗ ಮೂರು ನಾಲ್ಕು ಜನ ಒಟ್ಟಿಗೆ ಎಗರುತ್ತಾರೆ. ಮೊಣಕೈ, ಭುಜ, ಮಂಡಿ ಎಲ್ಲ ಒಂದರ ಮೇಲೊಂದು. ಆ ಗುಂಪಿನ ಮೇಲೆ ಎರಡು ಕೈ ಎದ್ದು ಚೆಂಡನ್ನು ಹಿಡಿದು, ನೆಲಕ್ಕೆ ಬರುವಾಗಲೇ ಮೈ ತಿರುಗಿಸಿ, ಐವತ್ತು ಗಜ ದೂರದ ಜೊತೆಗಾರನ ಎದೆಗೆ ಕಳಿಸುವುದು. ವಾರ್ಡಿನ ಒಬ್ಬ ಅಜ್ಜ ಸಲೈನ್ ಹಾಕಿದ ಕೈಯನ್ನೇ ಮೇಲೆತ್ತಿ ಅದನ್ನು ನನಗೆ ತೋರಿಸಲು ಹೋದರು. ಸೂಜಿ ಕಿತ್ತು ಬಂತು. ಮತ್ತೆ ಚುಚ್ಚಬೇಕಾಯಿತು.

1959ರಲ್ಲಿ ಓಕಾನೆಲ್ ಕೆರಿಯ ನಾಯಕರಾದರು. ಅಲ್ಲಿ ನಾಯಕನನ್ನು ಆರಿಸುವ ಕ್ರಮವೇ ಬೇರೆ. ಹಿಂದಿನ ವರ್ಷ ಕೌಂಟಿಯೊಳಗಿನ ಚಾಂಪಿಯನ್‌ಶಿಪ್ ಗೆದ್ದವರು ನಾಯಕನನ್ನು ಹೆಸರಿಸುತ್ತಾರೆ. 1958ರಲ್ಲಿ ಗೆದ್ದದ್ದು ಅವರ ಭಾಗದ ದಕ್ಷಿಣ ಕೆರಿ ತಂಡ. ಸೆಪ್ಟೆಂಬರ್ 27, ಭಾನುವಾರ, ಕ್ರೋಕ್ ಪಾರ್ಕಿನಲ್ಲಿ ಗಾಲ್ವೇ ಕೌಂಟಿಯ ಎದುರು ಅಖಿಲ ಐರ್ಲೆಂಡ್ ಫೈನಲ್. ನೋಡಲು ಬಂದವರು 85 ಸಾವಿರಕ್ಕೂ ಹೆಚ್ಚು. ಕೆರಿ 3-7, ಗಾಲ್ವೇ 1-4. ಇಪ್ಪತ್ತೆರಡು ವರ್ಷದ ಹುಡುಗ ಹೋಗನ್ ಗ್ಯಾಲರಿ ಹತ್ತಿ ಸ್ಯಾಮ್ ಮಗ್ವಾಯರ್ ಕಪ್ ತೆಗೆದುಕೊಂಡ.

ಆಮೇಲೆ ನಡೆದದ್ದನ್ನು ಕೆರಿಯಲ್ಲಿ ಒಬ್ಬೊಬ್ಬರು ಒಂದೊಂದು ತರಹ ಹೇಳುತ್ತಾರೆ. ಎಲ್ಲರೂ ಒಪ್ಪುವ ಭಾಗ ಇಷ್ಟು. ಡಬ್ಲಿನ್ನಿನ ಔತಣಕ್ಕೆ ನಾಯಕ ನಿಲ್ಲಲಿಲ್ಲ. ಅದೇ ಸಂಜೆ ಊರ ಕಡೆ ಹೊರಟು, ರಾತ್ರಿ ಕಡವಿಗೆ ಬಂದು, ದೋಣಿ ಬಿಚ್ಚಿ, ಹುಟ್ಟು ಹಾಕಿಕೊಂಡು ದ್ವೀಪದ ಮನೆಗೆ ಹೋದರು. ಕಪ್ಪನ್ನು ಡ್ರೆಸ್ಸಿಂಗ್ ರೂಮಿನಲ್ಲೇ ಬಿಟ್ಟು ಬಂದರು ಅಂತಲೂ ಕಥೆ ಇದೆ. ಅಲ್ಲಿ ಕಪ್ ಅಂದರೆ ನಮ್ಮ ಜಾತ್ರೆಯ ಉತ್ಸವಮೂರ್ತಿ ಇದ್ದ ಹಾಗೆ. ಸೋಮವಾರ ರಾತ್ರಿ ಮೆರವಣಿಗೆ, ಬೆಟ್ಟದ ಮೇಲೆಲ್ಲ ಬೆಂಕಿ ಹಾಕುವುದು, ಶಾಲೆ ಶಾಲೆಗೂ ತಂದು ಮಕ್ಕಳ ಕೈಯಲ್ಲಿ ಮುಟ್ಟಿಸುವುದು. ಅಂಥ ಕಪ್ಪನ್ನು ಬಿಟ್ಟು ಹೋದ ನಾಯಕನನ್ನು ಕೆಲವರು ಜಂಬದವ ಅಂದರು, ಕೆಲವರು ವಿಚಿತ್ರ ಮನುಷ್ಯ ಅಂದರು. ನನಗೆ ಹಾಗೆ ಅನ್ನಿಸುವುದಿಲ್ಲ. ಹೆಚ್ಚು ಮಾತಿಲ್ಲದ, ಸದ್ದುಗದ್ದಲ ಸೇರದ ಮನುಷ್ಯ. ಆಟ ಆಡಲಿಕ್ಕೆ ಹೋಗಿದ್ದರು, ಆಟ ಮುಗಿಯಿತು, ಮನೆಗೆ ಬಂದರು. ನಮ್ಮೂರಿನ ಮದುವೆಗಳಲ್ಲಿ ಎರಡು ದಿನ ಅಡುಗೆ ಮಾಡಿ, ಊಟಕ್ಕೆ ಕೂರುವ ಹೊತ್ತಿಗೆ ಹಿಂದಿನ ಬಾಗಿಲಿನಿಂದ ಹೊರಟು ಹೋಗುವ ಒಬ್ಬಿಬ್ಬರು ಇರುತ್ತಾರಲ್ಲ, ಆ ಜಾತಿ.

ಮಕ್ಕಳಿಗೆ ಒಂದು ಲೆಕ್ಕ ಹೇಳುತ್ತೇನೆ. ಓಕಾನೆಲ್ ನಾಲ್ಕು ಸಲ ಅಖಿಲ ಐರ್ಲೆಂಡ್ ಗೆದ್ದರು: 1959, 1962, 1969, 1970. ಇದು ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ಸೋತ ಫೈನಲ್‌ಗಳು ಐದು: 1960, 1964, 1965, 1968, 1972. ಗೆದ್ದದ್ದಕ್ಕಿಂತ ಸೋತದ್ದು ಒಂದು ಹೆಚ್ಚು. 1960ರಲ್ಲಿ ಡೌನ್ ಎಂಬ ಕೌಂಟಿ ಅವರನ್ನು ಸೋಲಿಸಿ ಕಪ್ಪನ್ನು ಮೊದಲ ಬಾರಿಗೆ ಗಡಿಯಾಚೆ ಉತ್ತರ ಐರ್ಲೆಂಡಿಗೆ ಒಯ್ದಿತು. 1964, 1965 ಎರಡೂ ವರ್ಷ ಸೋಲಿಸಿದ್ದು ಗಾಲ್ವೇ. 1959ರ ಬಾಕಿ ತೀರಿಸಿಕೊಂಡ ಹಾಗಾಯಿತು. 1962ರ ಫೈನಲ್ ಐರ್ಲೆಂಡಿನ ಟೆಲಿವಿಷನ್ನಿನಲ್ಲಿ ನೇರವಾಗಿ ತೋರಿಸಿದ ಮೊದಲ ಫುಟ್‌ಬಾಲ್ ಫೈನಲ್. ಕೆರಿ ರಾಸ್‌ಕಾಮನ್ ತಂಡವನ್ನು 1-12ಕ್ಕೆ 1-6ರಿಂದ ಸೋಲಿಸಿತು, ಓಕಾನೆಲ್ ಆ ವರ್ಷದ ಶ್ರೇಷ್ಠ ಫುಟ್‌ಬಾಲ್ ಆಟಗಾರ ಅನ್ನಿಸಿಕೊಂಡರು. ಅಲ್ಲಿಯವರೆಗೆ ರೇಡಿಯೋದಲ್ಲಿ ಕೇಳಿ ಊಹಿಸಿಕೊಂಡಿದ್ದ ನೆಗೆತವನ್ನು ದೂರದ ಊರಿನವರು ಕಣ್ಣಾರೆ ಕಂಡರು. 1972ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ಆಫಲಿ ಎದುರು ಫೈನಲ್ ಸಮ ಆಗಿ ಮರುಪಂದ್ಯದಲ್ಲಿ ಸೋತರು. ಆದರೂ ಆ ವರ್ಷದ ಆಲ್ ಸ್ಟಾರ್ ತಂಡದಲ್ಲಿ ಅವರ ಹೆಸರಿತ್ತು.

ಅವರು ಆಡುತ್ತಿದ್ದ ಅಷ್ಟು ವರ್ಷಗಳಲ್ಲಿ ದ್ವೀಪದ ಕಡೆ ಏನಾಗುತ್ತಿತ್ತು ಅನ್ನುವುದನ್ನು ಆಟದ ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. ನನಗೆ ಅದು ಆಟಕ್ಕಿಂತ ಹೆಚ್ಚು ಕಾಡಿದ ವಿಷಯ. 1960ರಲ್ಲಿ ರೆನಾರ್ಡ್ ಕಡವಿನವರೆಗೆ ಬರುತ್ತಿದ್ದ ರೈಲು ನಿಂತಿತು. ಯೂರೋಪಿನಲ್ಲೇ ಅತ್ಯಂತ ಪಶ್ಚಿಮದ ರೈಲು ನಿಲ್ದಾಣ ಅದು. ಹಳಿ ಕಿತ್ತರು. 1966ರಲ್ಲಿ ತಂತಿ ಕಚೇರಿಯನ್ನೇ ಮುಚ್ಚಿದರು. ಅಮೆರಿಕಾಕ್ಕೆ ಮಾತಾಡಲು ಬೇರೆ ದಾರಿಗಳು ಬಂದಿದ್ದವು, ಹಳೆಯ ತಂತಿ ಯಾರಿಗೂ ಬೇಡವಾಯಿತು. ನಮ್ಮಲ್ಲೂ 2013ರ ಜುಲೈಯಲ್ಲಿ ಟೆಲಿಗ್ರಾಂ ನಿಲ್ಲಿಸಿದರಲ್ಲ, ನಮ್ಮ ಅಂಚೆ ಕಚೇರಿಯಲ್ಲಿ ಒಂದು ಮೇಜು ಖಾಲಿಯಾಯಿತು ಅಷ್ಟೇ. ಅಲ್ಲಿ ಒಂದು ಊರಿನ ಜೀವನಾಧಾರವೇ ಖಾಲಿಯಾಯಿತು. ಓಕಾನೆಲ್ ಅವರನ್ನು ಊರಿನಲ್ಲಿ ಉಳಿಸಿದ್ದ ಕಾರಣ ಹೋಯಿತು. ಆಗ ಅವರಿಗೆ ಇಪ್ಪತ್ತೊಂಬತ್ತು. ದೇಶಕ್ಕೆಲ್ಲ ಗೊತ್ತಿರುವ ಹೆಸರು. ಡಬ್ಲಿನ್ನಿನಲ್ಲಾಗಲಿ ಅಮೆರಿಕಾದಲ್ಲಾಗಲಿ ಆ ಹೆಸರಿಗೆ ಬಾಗಿಲು ತೆರೆಯದೇ ಇರುತ್ತಿತ್ತೇ? ಅವರು ಹೋಗಲಿಲ್ಲ. ದ್ವೀಪದಲ್ಲೇ ಉಳಿದರು. ಮತ್ತೆ ಎರಡು ಕಪ್ ಗೆದ್ದರು. 1970ರ ಫೈನಲ್ ಮೊದಲ ಎಂಬತ್ತು ನಿಮಿಷದ ಫೈನಲ್. ಅದಕ್ಕೆ ಮುಂಚೆ ಅರವತ್ತು ನಿಮಿಷ ಇತ್ತು. ಮೂವತ್ತಮೂರು ವರ್ಷದ ಮನುಷ್ಯ ಇಪ್ಪತ್ತು ನಿಮಿಷ ಹೆಚ್ಚಿಗೆ ಆಡಿ ಮೀತ್ ಕೌಂಟಿಯ ಎದುರು ಗೆದ್ದರು.

ಅದೇ ಹೊತ್ತಿಗೆ ದ್ವೀಪಕ್ಕೆ ಪೋರ್ಟ್‌ಮಗೀ ಎಂಬ ಊರಿನ ಕಡೆಯಿಂದ ಸೇತುವೆಯೂ ಬಂತು. ಅಷ್ಟು ವರ್ಷ ಹುಟ್ಟು ಹಾಕಿ ದಾಟಿದ ಮನುಷ್ಯ ಆಟ ನಿಲ್ಲಿಸುವ ಕಾಲಕ್ಕೆ ಸೇತುವೆ! ಹೊಳೆಯಾಚೆಯವರಿಗೆ ಇದು ಬೇಗ ಅರ್ಥವಾಗುತ್ತದೆ, ನಗುತ್ತಿದ್ದೀರಿ.

ಅವರ ಜೊತೆ ಆಡಿದ ಮಿಕ್ ಓಡ್ವೈಯರ್, ಹತ್ತಿರದ ವಾಟರ್‌ವಿಲ್ ಊರಿನವರು, ಆಮೇಲೆ ಕೆರಿಯ ತರಬೇತುದಾರರಾಗಿ 1975ರಿಂದ 1986ರ ಒಳಗೆ ಎಂಟು ಸಲ ಕಪ್ ಗೆಲ್ಲಿಸಿದರು. ಓಕಾನೆಲ್ ಆ ದಾರಿ ಹಿಡಿಯಲಿಲ್ಲ. 1974ರಲ್ಲಿ 'ಎ ಕೆರಿ ಫುಟ್‌ಬಾಲರ್' ಅನ್ನುವ ಪುಸ್ತಕ ಬರೆದರು. ಹೆಸರು ನೋಡಿ. ಕೆರಿಯ ಒಬ್ಬ ಫುಟ್‌ಬಾಲ್ ಆಟಗಾರ, ಅಷ್ಟೇ. 1984ರಲ್ಲಿ ಸಂಘಕ್ಕೆ ನೂರು ತುಂಬಿದಾಗ ಆರಿಸಿದ ಶತಮಾನದ ತಂಡದಲ್ಲಿ ಅವರಿದ್ದರು. 1999ರಲ್ಲಿ ಸಹಸ್ರಮಾನದ ತಂಡ ಅಂತ ಹದಿನೈದು ಜನರನ್ನು ಆರಿಸಿದಾಗಲೂ ನಡುಮೈದಾನದಲ್ಲಿ ಅವರದೇ ಹೆಸರು, ಅಂಚೆ ಇಲಾಖೆ ಆ ತಂಡದ ಅಂಚೆಚೀಟಿ ತಂದಿತು. ತಂತಿ ಕಚೇರಿಯಲ್ಲಿ ಕೂತಿದ್ದವರ ಮುಖ ಲಕೋಟೆಯ ಮೇಲೆ ಬಂದದ್ದು ನನಗಂತೂ ಇಷ್ಟವಾಯಿತು.

ನಾನು ಊರು ಬಿಟ್ಟು ಹೋದವಳು. ಬಿಡಬೇಡಿ ಅಂತ ಇಲ್ಲಿ ಕೂತ ಮಕ್ಕಳಿಗೆ ಹೇಳುವ ಅಧಿಕಾರ ನನಗಿಲ್ಲ, ಹೇಳುವುದೂ ಇಲ್ಲ. ನಾನು ಕಳಿಸಿದ ದುಡ್ಡಿನಿಂದಲೇ ನನ್ನ ಮನೆಯ ಮಾಡಿಗೆ ಹಂಚು ಬಂದದ್ದು. ಆದರೆ ಒಬ್ಬ ಮನುಷ್ಯ ಊರಿನಲ್ಲಿ ಉಳಿದರೆ ಅವನಿಗೆ ಆಡಲು ಏನಾದರೂ ಇರಬೇಕಲ್ಲವೇ? ವ್ಯಾಲೆನ್ಷಿಯಾದಲ್ಲಿ ಕೆಲಸ ಹೋಯಿತು, ರೈಲು ಹೋಯಿತು, ಮೈದಾನ ಹೋಗಲಿಲ್ಲ. ಯಂಗ್ ಐಲ್ಯಾಂಡರ್ಸ್ ಅಂತ ಅವರ ಕ್ಲಬ್ಬಿನ ಹೆಸರು. ಆ ಭಾಗದ ಹಳ್ಳಿಗಳಲ್ಲಿ ಇವತ್ತು ಹದಿನೈದು ಹುಡುಗರನ್ನು ಹೊಂದಿಸುವುದೇ ಕಷ್ಟವಾಗಿದೆ. ಆದರೂ ಹುಲ್ಲು ಕತ್ತರಿಸಿ, ಕಂಬಕ್ಕೆ ಬಣ್ಣ ಹೊಡೆದು ಇಟ್ಟಿರುತ್ತಾರೆ. ನಮ್ಮ ಶಾಲೆಯ ಮೈದಾನದ ಪೂರ್ವದ ಅರ್ಧಭಾಗದಲ್ಲಿ ಸುವರ್ಣ ಮಹೋತ್ಸವದ ನೆನಪಿಗೆ ಸಭಾಭವನ ಕಟ್ಟುವ ಮಾತು ನಡೆಯುತ್ತಿದೆ ಅಂತ ನಿನ್ನೆ ಕೇಳಿದೆ. ಸಭಾಭವನ ಬೇಕು. ಆದರೆ ಹಳೆಯ ಅಡುಗೆ ಕೋಣೆಯ ಹಿಂದೆ ಖಾಲಿ ಜಾಗ ಇದೆಯಲ್ಲ, ಸಮಿತಿಯವರು ಒಂದು ಸಲ ಅದನ್ನು ಅಳತೆ ಮಾಡಿಸಿ ನೋಡಿ. ಹಳೆಯ ವಿದ್ಯಾರ್ಥಿಯಾಗಿ ಕೇಳಿಕೊಳ್ಳುತ್ತಿದ್ದೇನೆ. ನನ್ನ ಪಾಲಿನ ದೇಣಿಗೆ ಎರಡೂ ಕಡೆ ಸಲ್ಲುತ್ತದೆ.

ಹೆಣ್ಣುಮಕ್ಕಳಿಗೂ ಒಂದು ಮಾತು. ನಮ್ಮ ಶಾಲೆ ಶುರುವಾದ 1974ರಲ್ಲೇ ಅಲ್ಲಿ ಹೆಂಗಸರ ಗೇಲಿಕ್ ಫುಟ್‌ಬಾಲ್ ಸಂಘವೂ ಶುರುವಾಯಿತು. 1982ರಿಂದ 1990ರವರೆಗೆ ಒಂಬತ್ತು ವರ್ಷ ಸತತವಾಗಿ ಗೆದ್ದದ್ದು ಕೆರಿಯ ಹೆಣ್ಣುಮಕ್ಕಳು. 2024ರ ಆಗಸ್ಟ್‌ನಲ್ಲಿ ಮೂವತ್ತೊಂದು ವರ್ಷದ ನಂತರ ಮತ್ತೆ ಗೆದ್ದರು. ಅವತ್ತು ನನಗೆ ಡ್ಯೂಟಿ ಇತ್ತು. ವಾರ್ಡಿನಲ್ಲಿ ಬಿಪಿ ನೋಡಿದರೆ ಎಲ್ಲರದ್ದೂ ಜಾಸ್ತಿ!

ಬರುವಾಗ ಗೇಲಿಕ್ ಫುಟ್‌ಬಾಲ್ ಚೆಂಡು ಎರಡು ತಂದಿದ್ದೇನೆ. ವಿಮಾನದ ಸಾಮಾನಿಗೆ ಗಾಳಿ ತೆಗೆದು ಮಡಚಿ ಹಾಕಿದ್ದು. ಪಿ.ಟಿ. ಮೇಷ್ಟ್ರ ಕೈಗೆ ಕೊಡುತ್ತೇನೆ, ಶಾಲೆಯಲ್ಲಿ ಪಂಪು ಇದೆಯಂತೆ. ಎಡಗಾಲಿನಲ್ಲಿ ಒದೆಯಲು ಶುರು ಮಾಡುವವರು ಸ್ವಲ್ಪ ದೂರ ಹೋಗಿ ಆಡಿ, ಪಕ್ಕದ ಮನೆಯವರು ಹೊಸದಾಗಿ ಕಿಟಕಿಗೆ ಗಾಜು ಹಾಕಿಸಿದ್ದಾರೆ.